ಚೈನ್ ಬಡಿತ: ಸದ್ದು ಯಾಕೆ, ಫ್ರೇಮ್ ಉಳಿಸೋದು ಹೇಗೆ?

ಕಲ್ಲು ದಾರಿಯ ಇಳಿಜಾರು. ಪೆಡಲ್ ತುಳಿಯೋದು ನಿಲ್ಲಿಸಿದ್ದೀರಿ, ಸೈಕಲ್ ತಾನಾಗಿಯೇ ಓಡ್ತಿದೆ. ಆಗ ಬಲಗಡೆ ಹಿಂದಿನಿಂದ ‘ಟಕ ಟಕ ಟಕ’ ಅಂತ ಸದ್ದು ಶುರುವಾಗುತ್ತೆ. ಬೇರಿಂಗ್ ಹೋಗಿದೆ ಅಂದ್ಕೊಂಡು ಕೆಲವರು ಬಾಟಮ್ ಬ್ರಾಕೆಟ್ ಬದಲಾಯಿಸಿಕೊಂಡು ಬರ್ತಾರೆ. ದುಡ್ಡು ಹೋಗುತ್ತೆ, ಸದ್ದು ಹೋಗಲ್ಲ!

ಎಂಟಿಬಿಯಲ್ಲಿ ಇಂಥ ಸದ್ದು ಹೆಚ್ಚಾಗಿ ಚೈನ್‌ನದ್ದು. ಪೆಡಲ್ ಬುಡದಿಂದ ಹಿಂದಿನ ಚಕ್ರದ ಆಕ್ಸಲ್‌ವರೆಗೆ ಹೋಗುವ ಕೊಳವೆಗೆ ಚೈನ್‌ಸ್ಟೇ ಅಂತಾರೆ. ಚೈನ್ ಕುಣಿದು ಅದಕ್ಕೆ ಬಡಿಯುತ್ತೆ. ಖಾತ್ರಿ ಮಾಡಿಕೊಳ್ಳಬೇಕಾ? ಬಲಗಡೆಯ ಚೈನ್‌ಸ್ಟೇಗೆ ಹಳೇ ಬಟ್ಟೆ ಬಿಗಿಯಾಗಿ ಸುತ್ತಿ ಅದೇ ದಾರಿಯಲ್ಲಿ ನಿಧಾನವಾಗಿ ಹೋಗಿ. ಸದ್ದು ಮೆತ್ತಗಾದರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಸದ್ದಿನ ಕಿರಿಕಿರಿ ಒಂದೇ ಅಲ್ಲ. ಚೈನ್ ಬಡಿದೂ ಬಡಿದೂ ಬಣ್ಣ ಏಳುತ್ತೆ. ಸ್ಟೀಲ್ ಫ್ರೇಮ್ ಆದರೆ ಅಲ್ಲಿ ತುಕ್ಕು ಹಿಡಿಯುತ್ತೆ, ಅಲ್ಯೂಮಿನಿಯಂ ಆದರೆ ಗಾಯದ ಗುರುತು ಉಳಿಯುತ್ತೆ. ಕಾರ್ಬನ್ ಫ್ರೇಮ್‌ನಲ್ಲಿ ಬಣ್ಣದ ಕೆಳಗಿನ ನಾರು ಕಾಣಿಸಿದರೆ ತಿಳಿದವರಿಗೆ ತೋರಿಸಲೇಬೇಕು. ಇನ್ನೊಂದು ಅಪಾಯ, ಕುಣಿಯೋ ಚೈನ್ ಮುಂದಿನ ಹಲ್ಲಿನಿಂದ ಕಳಚಿಕೊಳ್ಳಬಹುದು.

ಕುಣಿಯೋದು ಯಾಕೆ? ತುಳಿಯುವಾಗ ಚೈನ್‌ನ ಮೇಲಿನ ಸಾಲನ್ನು ನಿಮ್ಮ ಕಾಲು ಬಿಗಿಯಾಗಿ ಇಟ್ಟಿರುತ್ತೆ. ತುಳಿಯೋದು ನಿಲ್ಲಿಸಿದ ಕೂಡಲೇ ಎರಡೂ ಸಾಲಿಗೆ ಹಿಂದಿನ ಡಿರೈಲರ್‌ನ ಸ್ಪ್ರಿಂಗ್ ಒಂದೇ ಆಸರೆ. ಈಗ ಒಂದು ಅಂದಾಜು ಲೆಕ್ಕ. 112 ಕೊಂಡಿಯ ಚೈನ್, ಕೊಂಡಿಗೆ 12.7 ಮಿ.ಮೀ., ಅಂದ್ರೆ ಉದ್ದ 1.42 ಮೀಟರ್. ತೂಕ 250 ಗ್ರಾಂ ಇಟ್ಟುಕೊಂಡರೆ ಮೀಟರಿಗೆ 176 ಗ್ರಾಂ. ಆಸರೆಯಿಲ್ಲದ ಭಾಗ 40 ಸೆಂ.ಮೀ., ಬಿಗಿತ 10 ನ್ಯೂಟನ್ ಅಂತಿಟ್ಟು ತಂತಿಯ ಕಂಪನದ ಸೂತ್ರ ಹಾಕಿ. ಸೆಕೆಂಡಿಗೆ ಸುಮಾರು 9 ಕಂಪನ ಬರುತ್ತೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವಾಗ 75 ಸೆಂ.ಮೀ.ಗೊಂದು ಕಲ್ಲು ಸಿಕ್ಕರೂ ಸೆಕೆಂಡಿಗೆ 9 ಪೆಟ್ಟು! ಫಸ್ಟ್ ಇಯರ್ ಫಿಸಿಕ್ಸ್‌ನ ರೆಸೊನೆನ್ಸ್ ಇದೇ.

ಹಾಗಾದ್ರೆ ಸ್ಪ್ರಿಂಗ್ ಇನ್ನೂ ಬಿಗಿ ಮಾಡಿದ್ರೆ? ಕಂಪನದ ವೇಗ ಬಿಗಿತದ ವರ್ಗಮೂಲಕ್ಕೆ ತಕ್ಕಂತೆ ಮಾತ್ರ ಏರುತ್ತೆ. ಅದನ್ನು ಎರಡು ಪಟ್ಟು ಮಾಡೋಕೆ ಬಿಗಿತ ನಾಲ್ಕು ಪಟ್ಟಾಗಬೇಕು. ಅಷ್ಟಾದರೂ ಕಂಪನ ಬೇರೆ ವೇಗಕ್ಕೆ ಜಾರುತ್ತೆ, ಸಾಯಲ್ಲ. ಬೇಕಿರೋದು ಡ್ಯಾಂಪಿಂಗ್. ಕ್ಲಚ್ ಇರುವ ಡಿರೈಲರ್ ಮಾಡೋದು ಇದನ್ನೇ. ಶಿಮಾನೊದ ಶ್ಯಾಡೋ ಪ್ಲಸ್, ಸ್ರಾಮ್‌ನ ಟೈಪ್ 2 ಇಂಥವು. ಸ್ಪ್ರಿಂಗ್ ಚೈನನ್ನು ಬಿಗಿಯುವ ದಿಕ್ಕಿಗೆ ಕೇಜ್ ಸಲೀಸಾಗಿ ತಿರುಗುತ್ತೆ, ಚೈನ್ ಸಡಿಲವಾಗುವ ದಿಕ್ಕಿಗೆ ಮಾತ್ರ ಘರ್ಷಣೆ ತಡೆಯುತ್ತೆ. ಶಿಮಾನೊದಲ್ಲಿ ಇದಕ್ಕೊಂದು ಪುಟ್ಟ ಲಿವರ್ ಇರುತ್ತೆ. ಚಕ್ರ ಬಿಚ್ಚುವಾಗ ಆಫ್ ಮಾಡಿ ಮತ್ತೆ ಆನ್ ಮಾಡೋದನ್ನೇ ಮರೆತಿರಬಹುದು, ಮೊದಲು ಅದನ್ನು ನೋಡಿ.

ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಕ್ಲಚ್ ಇರಲ್ಲ. ಪರವಾಗಿಲ್ಲ, ಎರಡು ಕೆಲಸಕ್ಕೆ ಹೆಚ್ಚು ಖರ್ಚಿಲ್ಲ. ಒಂದು, ಚೈನ್ ಉದ್ದ ಸರಿಯಿದೆಯಾ ನೋಡೋದು. ಡಿರೈಲರ್ ಬಿಟ್ಟು, ಮುಂದಿನ ಅತಿ ದೊಡ್ಡ ಹಲ್ಲುಚಕ್ರ ಮತ್ತು ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಮೇಲೆ ಚೈನ್ ಸುತ್ತಿ, ಅದಕ್ಕೆ ಒಂದು ಇಂಚು, ಅಂದ್ರೆ ಎರಡು ಕೊಂಡಿ ಸೇರಿಸಿ. ಸಾಮಾನ್ಯವಾಗಿ ಅಷ್ಟು ಸಾಕು. ಹಿಂದೆಯೂ ಸಸ್ಪೆನ್ಷನ್ ಇದ್ದರೆ ಅದು ಕುಗ್ಗಿದಾಗ ಚೈನ್‌ಗೆ ಅತಿ ಹೆಚ್ಚು ಉದ್ದ ಬೇಕಾಗುವ ಸ್ಥಿತಿಯಲ್ಲಿ ಅಳೆಯಿರಿ, ಇಲ್ಲಾಂದ್ರೆ ಡಿರೈಲರ್ ಮುರಿಯುತ್ತೆ. ಎರಡು, ಇಳಿಜಾರಿಗೆ ಮೊದಲು ಮುಂದೆ ದೊಡ್ಡ ಹಲ್ಲುಚಕ್ರಕ್ಕೆ, ಹಿಂದೆ ಮಧ್ಯದ್ದಕ್ಕೆ ಗೇರ್ ಹಾಕಿ. ಕೇಜ್ ಮುಂದಕ್ಕೆ ಎಳೆದುಕೊಂಡು ಚೈನ್‌ನ ಸಡಿಲ ಕಡಿಮೆಯಾಗುತ್ತೆ.

ಇಷ್ಟಾದ ಮೇಲೂ ಉಳಿಯುವ ಪೆಟ್ಟಿಗೆ ಫ್ರೇಮ್‌ಗೊಂದು ಅಂಗಿ ಬೇಕು. ಪಂಕ್ಚರ್ ಅಂಗಡಿಯಲ್ಲಿ ಕೇಳಿದ್ರೆ ಹಳೇ ಟ್ಯೂಬ್ ಸಿಗುತ್ತೆ. ಚೈನ್‌ಸ್ಟೇಯನ್ನು ಸೋಪು ನೀರಲ್ಲಿ ತೊಳೆದು ಒಣಗಿಸಿ. ಟ್ಯೂಬನ್ನು ಉದ್ದಕ್ಕೆ ಸೀಳಿ, ಎಳೆದು ಹಿಡಿದು, ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದು ಬರುವಂತೆ ಸುತ್ತಿ, ಎರಡೂ ತುದಿಗೆ ಕೇಬಲ್ ಟೈ ಹಾಕಿ. ಪೆಟ್ಟು ಅದೇ ಆದರೂ ರಬ್ಬರ್ ಅದನ್ನು ಹೆಚ್ಚು ಹೊತ್ತಿಗೆ ಹಂಚುತ್ತೆ, ಅದಕ್ಕೇ ಬಲ ಕಡಿಮೆ, ಸದ್ದೂ ಕಡಿಮೆ. ಸ್ವಲ್ಪ ಖರ್ಚು ಮಾಡೋದಾದ್ರೆ ಎಲೆಕ್ಟ್ರಿಕಲ್ ಕೆಲಸಕ್ಕೆ ಬಳಸುವ ದಪ್ಪ ಮ್ಯಾಸ್ಟಿಕ್ ಟೇಪ್ ತನ್ನಿ. ಒಂದೇ ಪಟ್ಟಿಯಾಗಿ ಅಂಟಿಸಬೇಡಿ, ಚಿಕ್ಕ ತುಂಡುಗಳನ್ನು ನಡುವೆ ಜಾಗ ಬಿಟ್ಟು ಅಂಟಿಸಿ. ರಬ್ಬರ್‌ನ ಗಾತ್ರ ಕುಗ್ಗಲ್ಲ, ಪಕ್ಕಕ್ಕೆ ಉಬ್ಬೋಕೆ ಜಾಗ ಇದ್ದರೆ ಮಾತ್ರ ಅದು ಮೆತ್ತಗೆ ಕೂರುತ್ತೆ.

ಆಮೇಲೆ ಹಿಂದಿನ ಚಕ್ರ ಎತ್ತಿ ಎಲ್ಲಾ ಗೇರ್‌ನಲ್ಲೂ ಪೆಡಲ್ ತಿರುಗಿಸಿ. ಟಯರ್‌ಗಾಗಲಿ ಚೈನ್‌ಗಾಗಲಿ ರಬ್ಬರ್ ತಾಗಬಾರದು. ಮಳೆಗಾಲದಲ್ಲಿ ಆಗಾಗ ಬಿಚ್ಚಿ ಒರೆಸಿ, ಇಲ್ಲಾಂದ್ರೆ ಒಳಗೆ ನಿಂತ ಕೆಸರು ನೀರಿಂದ ಸ್ಟೀಲ್ ಫ್ರೇಮ್ ತುಕ್ಕು ಹಿಡಿಯುತ್ತೆ. ಹ್ಯಾಂಡಲ್ ಕೆಳಗೆ ಕೇಬಲ್ ಉಜ್ಜುವ ಜಾಗಕ್ಕೆ ಪಾರದರ್ಶಕ ಫಿಲ್ಮಿನ ಒಂದು ತುಂಡು ಸಾಕು.

ಒಟ್ಟಿನಲ್ಲಿ ಮೊದಲು ಚೈನ್ ಕುಣಿತ ತಗ್ಗಿಸಿ, ಆಮೇಲೆ ರಬ್ಬರ್ ಸುತ್ತಿ. ಬರೀ ರಬ್ಬರ್ ಸುತ್ತಿದ್ರೆ ಸದ್ದು ಅಡಗುತ್ತೆ, ಆದ್ರೆ ಚೈನ್ ಕಳಚೋ ಅಪಾಯ ಹಾಗೇ ಇರುತ್ತೆ. ಇವತ್ತು ಸ್ಟ್ಯಾಂಡಿನಿಂದ ಸೈಕಲ್ ತೆಗೆಯುವಾಗ ಬಲಗಡೆಯ ಚೈನ್‌ಸ್ಟೇ ಮೇಲೆ ಒಮ್ಮೆ ಬೆರಳಾಡಿಸಿ. ಒರಟಾಗಿದ್ದರೆ ಪಂಕ್ಚರ್ ಅಂಗಡಿ ಕಡೆ ಹೊರಡಿ.