ಎರಡು ಫೋಲ್ಡರ್, ಒಂದು ಬೀಗ

ಸೊಲ್ಲಾಪುರದಿಂದ ಅಕ್ಕಲಕೋಟ ರೋಡ್ ಕಡೆಗೆ ಹೊರಟ ರೈಲು ನಡುವೆ ಹೋಟಗಿ ಜಂಕ್ಷನ್ ದಾಟುತ್ತದೆ. ವಿಜಯಪುರ, ಗದಗದ ಹಳಿ ಕವಲೊಡೆಯುವುದು ಅಲ್ಲಿಯೇ. ಒಂಟಿ ಹಳಿಯ ಮೇಲೆ ಎರಡು ರೈಲು ಎದುರುಬದುರಾಗದಂತೆ ರೈಲ್ವೆಯವರು ಹಿಂದೆಯೇ ಕಂಡುಕೊಂಡ ಉಪಾಯ ಟೋಕನ್. ಅಕ್ಕಪಕ್ಕದ ನಿಲ್ದಾಣಗಳ ಯಂತ್ರಗಳಿಗೆ ವಿದ್ಯುತ್ ತಂತಿಯ ನಂಟು. ಒಂದರಿಂದ ಟೋಕನ್, ಅಂದರೆ ಲೋಹದ ಚೆಂಡು, ಹೊರಬಂದರೆ, ಅದು ಮತ್ತೆ ಯಂತ್ರ ಸೇರುವತನಕ ಎರಡೂ ಕಡೆ ಇನ್ನೊಂದು ಚೆಂಡು ಬರುವುದಿಲ್ಲ. ಚೆಂಡು ಕೈಗೆ ಬರದೆ ಚಾಲಕ ಗಾಡಿ ಬಿಡುವಂತಿಲ್ಲ. 1960ರ ದಶಕದಲ್ಲಿ ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಕಂಪ್ಯೂಟರ್‌ಗೆ ಇಂಥದ್ದೇ ಕಾವಲು ರೂಪಿಸಿ, ರೈಲ್ವೆ ಕೈಮರದ ಹೆಸರನ್ನೇ ಕೊಟ್ಟರು: ಸೆಮಾಫೋರ್.

ಕಂಪ್ಯೂಟರಿನ ಫೈಲು, ಫೋಲ್ಡರುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್‌ಗೆ ಈ ಕಾವಲು ಏಕೆ ಬೇಕು? ‘ಮಹಾರಾಷ್ಟ್ರ’ ಎಂಬ ಫೋಲ್ಡರಿನಲ್ಲಿ ‘ಸೊಲ್ಲಾಪುರ’, ‘ಅಕ್ಕಲಕೋಟ’ ಅಕ್ಕಪಕ್ಕ ಇವೆಯೆನ್ನಿ. ಒಂದು ಪ್ರೋಗ್ರಾಂ ಅಕ್ಕಲಕೋಟವನ್ನು ಸೊಲ್ಲಾಪುರದೊಳಗೆ ಇಡಹೊರಟಿದೆ. ಅದೇ ಗಳಿಗೆಗೆ ಇನ್ನೊಂದು, ಸೊಲ್ಲಾಪುರವನ್ನು ಅಕ್ಕಲಕೋಟದೊಳಗೆ ಇಡಹೊರಟಿದೆ. ಫೋಲ್ಡರನ್ನು ಅದರದೇ ಹೊಟ್ಟೆಯೊಳಗೆ ತುರುಕುತ್ತಿಲ್ಲ ತಾನೇ ಎಂದು ಎರಡೂ ಪರೀಕ್ಷಿಸುತ್ತವೆ. ಎರಡಕ್ಕೂ ಸಿಗುವ ಉತ್ತರ ಸರಿಯೇ. ಆಮೇಲೆ ಎರಡು ಪ್ರೋಗ್ರಾಂಗಳೂ ಸಾಗಿಸುತ್ತವೆ. ಈಗ ಅದರೊಳಗೆ ಇದು, ಇದರೊಳಗೆ ಅದು. ‘ಮಹಾರಾಷ್ಟ್ರ’ದಲ್ಲಿ ಎರಡೂ ಇಲ್ಲ. ಫೈಲುಗಳು ಡಿಸ್ಕಿನಲ್ಲೇ ಇವೆ, ತಲುಪುವ ದಾರಿ ಮಾತ್ರ ಇಲ್ಲ. ಪರೀಕ್ಷೆ ತಪ್ಪಾಗಿರಲಿಲ್ಲ, ನೋಡಿದ್ದಕ್ಕೂ ಮಾಡಿದ್ದಕ್ಕೂ ನಡುವೆ ಲೋಕ ಬದಲಾಗಿತ್ತು. ರೇಸ್ ಕಂಡಿಷನ್ ಎಂದರೆ ಇದೇ.

ಆದ್ದರಿಂದ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್, ಫೋಲ್ಡರನ್ನು ಒಂದೆಡೆಯಿಂದ ಬೇರೆಡೆಗೆ ಸಾಗಿಸುವ ಮೊದಲು ಇಡೀ ಫೈಲ್ ಸಿಸ್ಟಮ್‌ಗೆ ಒಂದೇ ಆದ ಬೀಗ ಹಾಕಿಕೊಳ್ಳುತ್ತದೆ. ನಂತರ ಬಿಡುವ ಮನೆ, ಸೇರುವ ಮನೆ ಎರಡಕ್ಕೂ ಬೀಗ. ಒಂದು ಇನ್ನೊಂದರ ಒಳಗಿದ್ದರೆ ಹೊರಗಿನದ್ದಕ್ಕೇ ಮೊದಲು. ಈ ಸರದಿ ತಪ್ಪಿದರೆ ಆಳಿಗೊಂದು ಬೀಗ ಹಿಡಿದು ಇನ್ನೊಬ್ಬರದ್ದಕ್ಕೆ ಕಾಯುತ್ತ ಇಬ್ಬರೂ ನಿಂತೇಬಿಡುತ್ತಾರೆ. ಪರೀಕ್ಷೆ, ಸಾಗಣೆ ಎರಡೂ ಬೀಗದೊಳಗೇ ಮುಗಿಯಬೇಕು.

ಬೀಗ ದೊಡ್ಡದಾದಷ್ಟೂ ಕೆಲಸ ನಿಧಾನ. ಹಲವು ಪ್ರೊಸೆಸರ್‌ಗಳ ಬೆಂಬಲದೊಂದಿಗೆ 1996ರಲ್ಲಿ ಲಿನಕ್ಸ್ 2.0 ಬಂದಾಗ ಅದರ ತಿರುಳಾದ ಇಡೀ ಕರ್ನೆಲ್‌ಗೆ ಒಂದೇ ಮಹಾಬೀಗವಿತ್ತು. ಅದನ್ನು ತುಣುಕು ತುಣುಕಾಗಿ ಬಿಡಿಸಿ, ಪೂರ್ತಿ ಕಿತ್ತದ್ದು 2011ರಲ್ಲಿ. ಆ ಹದಿನೈದು ವರ್ಷಗಳ ತಾಳ್ಮೆ ನನಗೆ ಹೊಸ ಸೌಲಭ್ಯಗಳಿಗಿಂತ ದೊಡ್ಡದಾಗಿ ಕಾಣುತ್ತದೆ. 2016ರ 4.7 ಆವೃತ್ತಿಯಿಂದ ಒಂದೇ ಫೋಲ್ಡರಿನಲ್ಲಿ ಹಲವರು ಏಕಕಾಲಕ್ಕೆ ಫೈಲು ಹುಡುಕಬಹುದು. ಹೊಸದು ಸೇರಿಸುವವರು, ಅಳಿಸುವವರು ಮಾತ್ರ ಒಬ್ಬೊಬ್ಬರೇ ಒಳಹೋಗಬೇಕು.