ಮಲೆನಾಡಿನಲ್ಲಿ ‘ಕಲ್ಲಾದ ಪೈನ್ ಕಾಯಿ’ ಸಿಗುತ್ತದೆಯೇ?

ಜಂಬಿಟ್ಟಿಗೆ ಕಲ್ಲಿನ ಪಕ್ಕ ಬಿದ್ದಿರುವ, ಮೈತುಂಬ ಚಿಪ್ಪಿರುವ ಗಟ್ಟಿ ಕಾಯಿಯ ಫೋಟೊ. ಕೆಳಗೆ, ‘ಕೋಟ್ಯಂತರ ವರ್ಷ ಹಳೆಯ ಪೈನ್ ಕಾಯಿ ನಮ್ಮೂರಲ್ಲೇ ಪತ್ತೆ, ಎಲ್ಲರಿಗೂ ಕಳಿಸಿ!’ ಎಂಬ ಸಾಲು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಇಂಥ ಫಾರ್ವರ್ಡ್ ಬಂದರೆ ನಂಬಬಹುದೇ? ನೋಡೋಣ.

ಅದು ಗಾಳಿ ಮರದ ಕಾಯಿ ಇರಬಹುದು

ಗಾಳಿ ಮರ ನೋಡಲು ಪೈನ್‌ನಂತಿದ್ದರೂ ಹೂ ಬಿಡುವ ಸಸ್ಯಗಳ ಗುಂಪಿಗೆ ಸೇರಿದ್ದು. ಅದರ ‘ಸೂಜಿ ಎಲೆ’ಯನ್ನು ಎಳೆದು ನೋಡಿ, ಗಿಣ್ಣು ಗಿಣ್ಣಾಗಿ ಕಳಚುತ್ತದೆ. ಅದು ಎಲೆಯಲ್ಲ, ಸಣ್ಣ ಹಸಿರು ಕೊಂಬೆ. ಪೈನ್ ಎಲೆ ಹೀಗೆ ಕಳಚುವುದಿಲ್ಲ.

ನಿಜವಾದ ಶಂಕು ಎಂದರೇನು?

ಪೈನ್, ದೇವದಾರು, ಅರಕೇರಿಯ ಮರಗಳು ಕೋನಿಫರ್ ಗುಂಪಿನವು. ಇವಕ್ಕೆ ಹೂವಿಲ್ಲ. ಬೀಜಗಳು ಶಂಕುವಿನ ಚಿಪ್ಪುಗಳ ಮೇಲೆ ಬೆಳೆಯುತ್ತವೆ. ಈ ಗುಂಪು ಸುಮಾರು 31 ಕೋಟಿ ವರ್ಷಗಳಷ್ಟು ಹಳೆಯದು. ಸ್ವೀಡನ್ನಿನ ವಿಜ್ಞಾನಿ ರುಡಾಲ್ಫ್ ಫ್ಲೋರಿನ್ 1930–40ರ ದಶಕಗಳಲ್ಲಿ ಪಳೆಯುಳಿಕೆಗಳನ್ನು ಹೋಲಿಸಿ ಒಂದು ಸಂಗತಿ ತೋರಿಸಿದರು: ಇಂದಿನ ಪೈನ್ ಶಂಕುವಿನ ಬೀಜ ಹೊರುವ ಒಂದೊಂದು ಚಿಪ್ಪೂ ಹಿಂದೆ ಎಲೆ, ಬೀಜಗಳಿದ್ದ ಪುಟ್ಟ ಕವಲಾಗಿತ್ತು. ಕಾಲ ಸರಿದಂತೆ ಅದು ಚಪ್ಪಟೆಯಾಗಿ, ಬೆಸೆದುಕೊಂಡು ಚಿಪ್ಪಾಯಿತು.

ಶಂಕು ಕಲ್ಲಾಗಬೇಕಾದರೆ ಬೇಗನೆ ಕೆಸರಿನಲ್ಲೋ ಜ್ವಾಲಾಮುಖಿಯ ಬೂದಿಯಲ್ಲೋ ಹೂತುಹೋಗಬೇಕು, ನೀರಿನಲ್ಲಿ ಕರಗಿದ ಸಿಲಿಕಾ ಅದರ ಕೋಶಗಳಿಗೆ ಇಳಿಯಬೇಕು. ಅರ್ಜೆಂಟೀನಾದಲ್ಲಿ ಹೀಗೆ ಉಳಿದ, ಸುಮಾರು 16 ಕೋಟಿ ವರ್ಷ ಹಳೆಯ ಅರಕೇರಿಯ ಶಂಕುಗಳನ್ನು ಕೊಯ್ದರೆ ಬೀಜದೊಳಗಿನ ಭ್ರೂಣವೂ ಕಾಣುತ್ತದೆ. ನಮ್ಮ ದೇಶದಲ್ಲೂ ಜಾರ್ಖಂಡಿನ ರಾಜಮಹಲ್ ಬೆಟ್ಟಗಳಲ್ಲಿ ಕಲ್ಲಾದ ಶಂಕುಗಳು ಸಿಕ್ಕಿವೆ.

ಮಲೆನಾಡಿನಲ್ಲಿ ಏಕಿಲ್ಲ?

ಇಲ್ಲಿನ ಬಂಡೆಗಳು ಬಹುಪಾಲು 250 ಕೋಟಿ ವರ್ಷಕ್ಕಿಂತ ಹಳೆಯವು. ಅವು ರೂಪುಗೊಂಡಾಗ ಭೂಮಿಯ ಮೇಲೆ ಮರವೇ ಇರಲಿಲ್ಲ. ಇನ್ನು ಜಂಬಿಟ್ಟಿಗೆ, ಹಳೆಯ ಬಂಡೆಯೇ ಮಳೆ, ಬಿಸಿಲಿಗೆ ಶಿಥಿಲವಾಗಿ ಆದದ್ದು. ಶಂಕುವನ್ನು ಹೂತಿಡುವ ಕೆಸರಿನ ಪದರವಲ್ಲ.

ಹಾಗಾದರೆ ಇಲ್ಲಿ ಏನೂ ಇಲ್ಲವೇ?

ಇದೆ! ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯ ಕುಂಸಿ ಬಳಿ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಈ ಕಲ್ಲುಗಳ ವಯಸ್ಸು ಸುಮಾರು 260 ಕೋಟಿ ವರ್ಷ, ಅಂದರೆ ಮೊದಲ ಕೋನಿಫರ್‌ಗಿಂತ ಎಂಟು ಪಟ್ಟು ಹಳೆಯವು. ಸುಳ್ಳು ಫಾರ್ವರ್ಡ್ ಹಂಚುವ ಭರದಲ್ಲಿ ನಮ್ಮ ಕಣ್ತಪ್ಪುವುದು ಇಂಥ ನಿಜವೇ.

ವಿಚಿತ್ರ ಕಲ್ಲು ಕಂಡರೆ ಒಡೆಯಬೇಡಿ, ಮನೆಗೂ ತರಬೇಡಿ. ಪಕ್ಕದಲ್ಲೊಂದು ನಾಣ್ಯವಿಟ್ಟು ಫೋಟೊ ತೆಗೆಯಿರಿ, ಜಾಗ ಗುರುತು ಮಾಡಿಕೊಳ್ಳಿ, ಭೂವಿಜ್ಞಾನ ಕಲಿಸುವ ಕಾಲೇಜಿನವರಿಗೆ ತೋರಿಸಿ. ಗುಂಪಿಗೆ ಕಳಿಸುವುದು ಆಮೇಲೆ.