ಟೋಕನ್ ಪದವಲ್ಲ, ಆಕೃತಿಮಾವೂ ಅಲ್ಲ: ಕೃತಕ ಬುದ್ಧಿಮತ್ತೆಯ ಒಂದು ಪರಿಭಾಷೆ ಕುರಿತು

ಕೃತಕ ಬುದ್ಧಿಮತ್ತೆಯ ಪರಿಭಾಷೆಯಲ್ಲಿ ‘ಯಂತ್ರಕಲಿಕೆ’, ‘ಭಾಷಾ ಮಾದರಿ’, ‘ತರಬೇತಿ’ ಮೊದಲಾದವು ಕನ್ನಡದಲ್ಲಿ ಬಹುಮಟ್ಟಿಗೆ ನೆಲೆಗೊಂಡಿವೆ. ಹಿಂದಿನ ಟೋಕನ್‌ಗಳನ್ನು ಆಧರಿಸಿ ಮುಂದಿನ ಟೋಕನ್ ಯಾವುದಿರಬಹುದೆಂಬ ಸಂಭಾವ್ಯತೆಯನ್ನು ಲೆಕ್ಕಿಸುವ ವ್ಯವಸ್ಥೆಯೇ ಭಾಷಾ ಮಾದರಿ. ಆ ಲೆಕ್ಕ ತಪ್ಪಿದಂತೆಲ್ಲ ಅದರೊಳಗಿನ ಪ್ರಾಚಲಗಳನ್ನು, ಅಂದರೆ ಸಂಖ್ಯಾರೂಪದ ತೂಕಗಳನ್ನು, ತಿದ್ದುತ್ತ ಹೋಗುವುದೇ ತರಬೇತಿ. ತೊಡಕಿರುವುದು ಈ ವ್ಯಾಖ್ಯೆಯೊಳಗೇ ಅಡಗಿರುವ ‘ಟೋಕನ್’ ಎಂಬ ಮಾತಿನಲ್ಲಿ. ಇದನ್ನು ‘ಪದ’ವೆಂದು ಅನುವಾದಿಸುವುದು ತಪ್ಪೆಂಬುದು ನಮ್ಮ ನಿಲುವು.

ಭಾಷಾವಿಜ್ಞಾನದಲ್ಲಿ ಟೋಕನ್ ಎಂದರೆ ಒಂದು ರೂಪದ ಒಂದು ಪ್ರಯೋಗ. ಪಠ್ಯವೊಂದರಲ್ಲಿ ‘ಊರು’ ಹತ್ತು ಸಲ ಬಂದರೆ ಪ್ರಕಾರ ಒಂದು, ಟೋಕನ್ ಹತ್ತು. ಭಾಷಾ ಮಾದರಿಯ ಟೋಕನ್ ಬೇರೆಯದೇ ಸಂಗತಿ. ಅದರ ಮೂಲ ವ್ಯಾಕರಣವಲ್ಲ, ದತ್ತಾಂಶ ಸಂಕೋಚನ. ಫಿಲಿಪ್ ಗೇಜ್ 1994ರಲ್ಲಿ ವಿವರಿಸಿದ ಬೈಟ್-ಜೋಡಿ ವಿಧಾನದಲ್ಲಿ ಅತಿ ಹೆಚ್ಚು ಸಲ ಒಟ್ಟಿಗೆ ಬರುವ ಎರಡು ಘಟಕಗಳು ಕೂಡಿ ಒಂದಾಗುತ್ತವೆ, ಆ ಕ್ರಮ ಪುನರಾವರ್ತನೆಗೊಳ್ಳುತ್ತದೆ. ಸೆನ್ರಿಚ್, ಹ್ಯಾಡೊ ಮತ್ತು ಬರ್ಚ್ 2016ರಲ್ಲಿ ಇದನ್ನು ಯಂತ್ರಾನುವಾದಕ್ಕೆ ಅಳವಡಿಸಿದರು. ಇಲ್ಲಿ ಗಡಿಯನ್ನು ನಿರ್ಧರಿಸುವುದು ಅರ್ಥವಲ್ಲ, ಆವೃತ್ತಿ.

ನಮ್ಮ ಊರಿನ ಹೆಸರನ್ನೇ ನೋಡಬಹುದು. ‘ಹುಬ್ಬಳ್ಳಿ’ಯಲ್ಲಿ ಅಕ್ಷರಗಳು 3, ಯೂನಿಕೋಡ್ ಸಂಕೇತಗಳು 9, ಯುಟಿಎಫ್-8ರಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ ಒಟ್ಟು 27 ಬೈಟ್. ಇದೇ ಹೆಸರಿನ ರೋಮನ್ ರೂಪಕ್ಕೆ 8 ಬೈಟ್ ಸಾಕು. ತರಬೇತಿ ಪಠ್ಯದಲ್ಲಿ ಕನ್ನಡ ವಿರಳವಾಗಿದ್ದರೆ ಕೂಡಿಕೆಗಳು ಬೆಳೆಯುವುದಿಲ್ಲ; ಪದ ಚೂರುಚೂರಾಗಿಯೇ ಉಳಿಯುತ್ತದೆ, ಒಂದು ವ್ಯಂಜನದ ಮೂರು ಬೈಟುಗಳೂ ಬೇರೆಯಾಗಬಹುದು. ಸೇವೆಯ ದರವನ್ನು ಟೋಕನ್ ಲೆಕ್ಕದಲ್ಲಿ ವಿಧಿಸುವಲ್ಲಿ ಅಷ್ಟೇ ವಿಷಯಕ್ಕೆ ಕನ್ನಡಿಗ ಹೆಚ್ಚು ತೆರಬೇಕಾಗುತ್ತದೆ.

ಇನ್ನೂ ಸೂಕ್ಷ್ಮವಾದುದು ಪ್ರತ್ಯಯದ ಪ್ರಶ್ನೆ. ‘ಧಾರವಾಡದಲ್ಲಿ’, ‘ಹುಬ್ಬಳ್ಳಿಯಲ್ಲಿ’, ‘ಊರಿನಲ್ಲಿ’ ಈ ಮೂರರಲ್ಲೂ ಇರುವುದು ‘ಅಲ್ಲಿ’ ಎಂಬ ಒಂದೇ ಸಪ್ತಮೀ ಪ್ರತ್ಯಯ. ಆದರೆ ಆವೃತ್ತಿಯ ಬಲದಿಂದ ‘ದಲ್ಲಿ’, ‘ಯಲ್ಲಿ’, ‘ನಲ್ಲಿ’ ಎಂಬ ಮೂರು ಸಂಬಂಧವಿಲ್ಲದ ಟೋಕನ್‌ಗಳು ಹುಟ್ಟಬಹುದು. ಇದು ಕೇವಲ ವಿಧಾನದ ದೋಷವೆನ್ನಲಾಗದು. ಧಾರವಾಡ + ದ್ + ಅಲ್ಲಿ ಎಂದು ಬಿಡಿಸಿದಾಗ ಆಗಮ ಮತ್ತು ಪ್ರತ್ಯಯಗಳ ನಡುವಿನ ಗಡಿ ‘ದ’ ಎಂಬ ಅಕ್ಷರದ ಒಳಗೇ ಬೀಳುತ್ತದೆ. ವ್ಯಂಜನದಲ್ಲಿ ಅಂತರ್ಗತವಾದ ಅಕಾರಕ್ಕೆ ಪ್ರತ್ಯೇಕ ಸಂಕೇತವೇ ಇಲ್ಲ. ಆದ್ದರಿಂದ ಬರೆದ ಸರಣಿಯನ್ನು ಎಲ್ಲಿ ಕತ್ತರಿಸಿದರೂ ‘ಅಲ್ಲಿ’ ಪೂರ್ಣವಾಗಿ ಕೈಗೆ ಸಿಗುವುದಿಲ್ಲ. ಟೋಕನ್ನನ್ನು ಆಕೃತಿಮಾ ಎನ್ನಲು ಬಾರದಿರುವುದು ಇದರಿಂದಲೇ.

ಹಾಗಾದರೆ ಏನೆನ್ನಬೇಕು? ‘ಪದತುಣುಕು’ ಎನ್ನಬಹುದಿತ್ತು, ಆದರೆ ವಿರಾಮಚಿಹ್ನೆಯೂ ಬಿಡಿ ಬೈಟೂ ಟೋಕನ್ ಆಗಬಲ್ಲವು. ಬ್ಯಾಂಕು, ಆಸ್ಪತ್ರೆಗಳ ಸರತಿಯಿಂದ ಎಲ್ಲರಿಗೂ ಪರಿಚಿತವಾದ ‘ಟೋಕನ್’ ಶಬ್ದವನ್ನೇ ಉಳಿಸಿಕೊಳ್ಳುವುದು ಮೇಲು. ಅರ್ಥವಿಲ್ಲದ ಗುರುತು ಎಂಬ ಭಾವವಾದರೂ ಅದರಲ್ಲಿದೆ!

ಆಡುನುಡಿಯ ಸಂಶೋಧಕರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಧಾರವಾಡ ಭಾಗದ ಒಂದೇ ಕ್ರಿಯಾರೂಪವನ್ನು ‘ಬರಾಕತ್ತಾರ’, ‘ಬರಾಕ ಹತ್ತಾರ’, ‘ಬರಾಕ್ಹತ್ತ್ಯಾರ’ ಎಂದೆಲ್ಲ ಬರೆಯುವುದುಂಟು. ಕಾಗುಣಿತ ಹೀಗೆ ಚದುರಿದಂತೆ ಪ್ರತಿಯೊಂದರ ಆವೃತ್ತಿಯೂ ಕುಗ್ಗುತ್ತದೆ, ಟೋಕನ್‌ಗಳ ಸಂಖ್ಯೆ ಏರುತ್ತದೆ. ಆ ಏರಿಕೆಯನ್ನು ಉಪಭಾಷೆಯ ರಚನಾಸಂಕೀರ್ಣತೆಯೆಂದು ಓದಬಾರದು. ಕೋಷ್ಟಕದಲ್ಲಿ ಟೋಕನ್ ಸಂಖ್ಯೆ ಕೊಡುವಾಗ ಯಾವ ವಿಭಜಕ, ಯಾವ ಕಾಗುಣಿತ ಎಂಬುದನ್ನೂ ನಮೂದಿಸಬೇಕು.